ಮನೆ ಮೊದಲೋ, ಶಾಲೆ ಮೊದಲೋ?

ಮೈಸೂರಿನಿಂದ ಬೆಂಗಳೂರಿಗೆ ವರ್ಗವಾದಾಗ ನನಗಿದ್ದದ್ದು ಲಾರಿ, ಹಗ್ಗ, ರಟ್ಟಿನ ಡಬ್ಬಗಳ ಚಿಂತೆ ಮಾತ್ರ. ಜಯನಗರವೋ ಜೆ.ಪಿ. ನಗರವೋ ಎಂಬುದು ಆಮೇಲೆ ಅಂಟಿಕೊಂಡ ಕಾಯಿಲೆ. ಮೆಟ್ರೊದ ಹಸಿರು ಮಾರ್ಗದಲ್ಲಿ ಜಯನಗರ ಬಿಟ್ಟರೆ ಆರ್.ವಿ. ರಸ್ತೆ, ಬನಶಂಕರಿ, ಅಷ್ಟರಲ್ಲಿ ಜೆ.ಪಿ. ನಗರ ಬಂದೇಬಿಡುತ್ತದೆ. ನಮ್ಮ ಮನೆಯ ಚರ್ಚೆಯಲ್ಲಿ ಮಾತ್ರ ಅವೆರಡರ ನಡುವೆ ಒಂದು ಸಮುದ್ರವೇ ಇತ್ತು.

ಜಯನಗರದ ಶಾಲೆ ನನ್ನವಳಿಗೆ ಹಿಡಿಸಿತು, ಬಾಡಿಗೆ ನನ್ನ ಸಂಬಳಕ್ಕೆ ಹಿಡಿಸಲಿಲ್ಲ. “ಜೆ.ಪಿ. ನಗರದಲ್ಲೇ ಸಾರ್, ಹತ್ತಿರ” ಎಂದು ಬ್ರೋಕರ್ ಕರೆದೊಯ್ದದ್ದು ಒಂಬತ್ತನೇ ಹಂತಕ್ಕೆ; ಇನ್ನೆರಡು ತಿರುವು ದಾಟಿದ್ದರೆ ಕನಕಪುರದ ರೇಷ್ಮೆಗೂಡೇ ಸಿಗುತ್ತಿತ್ತೇನೋ! ಶಾಲೆಯವರು ಕೇಳಿದ್ದು ವಿಳಾಸದ ದಾಖಲೆ. ಮನೆ ಮಾಲೀಕರು ಕೇಳಿದ್ದು, “ಮಗು ಯಾವ ಸ್ಕೂಲು?” ಅಲ್ಲಿ ಬಾಡಿಗೆ ಕರಾರಿಲ್ಲದೆ ಸೀಟಿಲ್ಲ, ಇಲ್ಲಿ ಸೀಟಿಲ್ಲದೆ ಕರಾರು ಮಾಡಲು ನನಗೇ ಧೈರ್ಯವಿಲ್ಲ.

“ರೀ, ಜೂನ್ 1ಕ್ಕೆ ಇವಳಿಗೆ ಆರು ತುಂಬಿರಬೇಕಂತೆ, ಲೆಕ್ಕ ಹಾಕಿದ್ರಾ?” ಎಂದಳು ನನ್ನವಳು. ಬೆರಳು ಮಡಿಚಿ ಎಣಿಸುತ್ತಾ ಕೂತೆ. ಮಗಳು ಕೇಳಿದ್ದು ಒಂದೇ: “ಅಪ್ಪಾ, ಆ ಸ್ಕೂಲಲ್ಲಿ ಜಾರುಬಂಡೆ ಇದೆಯಾ?” ಅಷ್ಟು ಸ್ಪಷ್ಟವಾದ ಮಾನದಂಡ ನನ್ನ ಪಟ್ಟಿಯಲ್ಲಿ ಒಂದೂ ಇರಲಿಲ್ಲ.

ವರ್ಗದ ಆದೇಶ ಕೈಗೆ ಬಂದವರಿಗೆ ಒಂದು ಕಿವಿಮಾತು. ಬಡಾವಣೆಗಳನ್ನು ತೂಗುತ್ತಾ ಕೂರಬೇಡಿ. ಬೆಳಿಗ್ಗೆ ಎಂಟಕ್ಕೆ ಶಾಲೆಯ ಗೇಟಿನ ಮುಂದಿನ ಟ್ರಾಫಿಕ್ಕನ್ನು ಒಮ್ಮೆ ನೋಡಿ ಬನ್ನಿ. ಮಗು ನಡೆದೇ ಹೋಗುವಷ್ಟು ದೂರದಲ್ಲಿ ಯಾವ ಮನೆ ಸಿಕ್ಕರೂ ಕಣ್ಣುಮುಚ್ಚಿ ಅಡ್ವಾನ್ಸ್ ಕೊಟ್ಟುಬಿಡಿ.