ಹಾಸ್ಯಗೋಷ್ಠಿಯಲ್ಲಿ ಜೋಕಿನ ಕರ್ತೃತ್ವ: ಒಂದು ಪ್ರಾಥಮಿಕ ಶೋಧ

ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ನಮ್ಮ ವಿದ್ವಾಂಸರು ತಲೆಮಾರುಗಟ್ಟಲೆ ಜಗಳವಾಡಿದ್ದಾರೆ. ಅದಕ್ಕಿಂತ ಗಹನವಾದ ಸಮಸ್ಯೆಯೊಂದು ಸಾಹಿತ್ಯ ಸಮ್ಮೇಳನಗಳ ಸಮಾನಾಂತರ ವೇದಿಕೆಯಲ್ಲಿ, ಊಟವಾದ ಮೇಲಿನ ಹಾಸ್ಯಗೋಷ್ಠಿಯಲ್ಲಿ, ಪದೇ ಪದೇ ತಲೆಯೆತ್ತುತ್ತಿದ್ದರೂ ಯಾರೂ ಪಿಎಚ್‌ಡಿಗೆ ಎತ್ತಿಕೊಂಡಂತಿಲ್ಲ: ವೇದಿಕೆಯ ಮೇಲೆ ಹೇಳುವ ಜೋಕು ಯಾರದು?

ಕ್ಷೇತ್ರಕಾರ್ಯಕ್ಕೆ ಆಯ್ದುಕೊಂಡ ಗೋಷ್ಠಿಯಲ್ಲಿ ಅಧ್ಯಕ್ಷರು, ಆಶಯ ನುಡಿಯವರು, ಮೂವರು ಪ್ರಬಂಧಕಾರರು ಮತ್ತು ಇವರೆಲ್ಲರಿಗಿಂತ ಜೋರಾಗಿ ಮಾತಾಡುವ ಒಂದು ಸ್ಟ್ಯಾಂಡ್ ಫ್ಯಾನು. ಮೊದಲೆರಡು ಸಾಲು ಗಣ್ಯರಿಗೆ ಮೀಸಲು, ಆದ್ದರಿಂದ ಖಾಲಿ. ಹಿಂದೆ ಓಓಡಿ ಮೇಲೆ ಬಂದ ಮೇಷ್ಟ್ರುಗಳು. ಹಾಜರಾತಿ ಪ್ರಮಾಣಪತ್ರ ಸಂಜೆಗೇ ಕೊಡುವುದು ಎಂದು ಸಂಘಟಕರು ಪಟ್ಟು ಹಿಡಿದದ್ದರಿಂದ ಕನ್ನಡದ ಹಾಸ್ಯಪ್ರಜ್ಞೆ ಅಲ್ಲಿಯತನಕ ಕುರ್ಚಿ ಬಿಟ್ಟು ಏಳಲಿಲ್ಲ.

ಮೊದಲ ಪ್ರಬಂಧಕಾರರು ‘ಒಮ್ಮೆ ಬೀಚಿಯವರು ಡಾಕ್ಟರ ಹತ್ತಿರ ಹೋದರಂತೆ’ ಎಂದು ಶುರುಮಾಡಿದ್ದೇ ತಡ, ಮೂರನೆಯವರ ಮುಖ ಬಿಳುಚಿತು. ಅವರು ಜೇಬಿನಿಂದ ಪೆನ್ನು ತೆಗೆದು, ಹಾಳೆಯಲ್ಲಿ ಏನನ್ನೋ ಹೊಡೆದುಹಾಕಿ, ಅದರ ಮೇಲೆ ಇನ್ನೇನೋ ಗೀಚಿದ್ದನ್ನು ಈ ಸಂಶೋಧಕ ಕಣ್ಣಾರೆ ಕಂಡಿದ್ದಾನೆ. ಅವರ ಸರದಿ ಬರುವ ಹೊತ್ತಿಗೆ ಡಾಕ್ಟರು ವಕೀಲರಾಗಿದ್ದರು, ಬೀಚಿ ಕೈಲಾಸಂ ಆಗಿದ್ದರು. ಪಾಠಾಂತರ ಹುಟ್ಟಲು ಶತಮಾನಗಳು ಬೇಕೆಂಬ ಗ್ರಂಥಸಂಪಾದಕರ ನಂಬಿಕೆ ಇಲ್ಲಿ ಬಿದ್ದುಹೋಗುತ್ತದೆ. ನಡುವೆ ಒಬ್ಬ ಭಾಷಣಕಾರರಿದ್ದರೆ ಸಾಕು.

ಇನ್ನು ಆಂತರಿಕ ಪ್ರಮಾಣ. ಕೈಲಾಸಂ ಪಾಠದಲ್ಲಿ ವಕೀಲರ ಫೀಜು ಫೋನ್‌ಪೇ ಮೂಲಕ ಸಂದಾಯವಾಗಿದೆ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಆದ್ದರಿಂದ ಆ ವಾಕ್ಯ ಪ್ರಕ್ಷಿಪ್ತ, ಇಲ್ಲವೇ ಕೈಲಾಸಂ ನಾವು ತಿಳಿದದ್ದಕ್ಕಿಂತಲೂ ದೊಡ್ಡ ಪ್ರತಿಭೆ. ಬೀಚಿ ಹೋದದ್ದು 1980ರಲ್ಲಿ. ‘ಇದು ನನ್ನದಲ್ಲ ಮಾರಾಯ’ ಎಂದು ಇಬ್ಬರೂ ಎದ್ದುಬಂದು ಹೇಳುವ ಹಾಗಿಲ್ಲವಾದ್ದರಿಂದ ದಿಕ್ಕಿಲ್ಲದ ಜೋಕುಗಳೆಲ್ಲ ಅವರ ಮನೆಬಾಗಿಲಿಗೇ ಬಂದು ಬೀಳುತ್ತವೆ. ಬದುಕಿರುವ ಹಾಸ್ಯಲೇಖಕರಿಗೆ ಈ ಭಾಗ್ಯವಿಲ್ಲ. ಅವರ ಜೋಕನ್ನು ಹೆಸರು ಹೇಳದೆ ಎತ್ತುವುದು ರೂಢಿ. (ಕೈಲಾಸಂ ನಾಟಕದ ಮಾತನ್ನು ಪಾತ್ರದಿಂದ ಕಿತ್ತರೆ ಅದರ ಪ್ರಾಣವೇ ಹೋಗುತ್ತದೆ, ನಿಜ. ಪ್ರಾಯಶಃ ಅದಕ್ಕೇ ಯಾರೂ ಅವರ ನಾಟಕವನ್ನು ಮುಟ್ಟಲಿಲ್ಲ.) 1942ರಲ್ಲಿ ‘ಕೊರವಂಜಿ’ ಪತ್ರಿಕೆ ಆರಂಭಿಸಿದ ರಾಶಿಯವರು, ಅಂದರೆ ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ಮೂಲಪಾಠದ ಡಾಕ್ಟರು ಅವರೇ ಎಂದು ವಾದಿಸಲು ಇಷ್ಟು ಆಧಾರ ಧಾರಾಳವಾಯಿತು. ಇದಕ್ಕಿಂತ ಕಡಿಮೆಯಲ್ಲಿ ನಾವು ಕವಿಗಳ ಹುಟ್ಟೂರನ್ನೇ ತೀರ್ಮಾನಿಸಿದ್ದೇವೆ.

ನಗುವಿನ ವಿಷಯ ಸಂಕ್ಷೇಪವಾಗಿ. ನಾಟ್ಯಶಾಸ್ತ್ರದಲ್ಲಿ ಅದು ಆರು ಬಗೆ, ಹಲ್ಲು ಕಾಣದ ಸ್ಮಿತದಿಂದ ಪಕ್ಕೆ ಹಿಡಿದುಕೊಂಡು ನಗುವ ಅತಿಹಸಿತದವರೆಗೆ. ಅಸ್ಥಾನದಲ್ಲಿ ನಗುವ ಅಪಹಸಿತ ಭಾಷಣಕಾರರ ಸ್ವತ್ತು. ಜೋಕು ಮುಗಿಯುವ ಮೊದಲೇ ಅವರು ನಕ್ಕುಬಿಡುತ್ತಾರೆ. ಅತಿಹಸಿತ ದಾಖಲಾದದ್ದು ಒಂದೇ ಬಾರಿ: ‘ದಯವಿಟ್ಟು ಮುಗಿಸಿ’ ಎಂದು ನಿರೂಪಕಿ ಇಟ್ಟ ಚೀಟಿಯನ್ನು ಎರಡನೆಯ ಪ್ರಬಂಧಕಾರರು ತಮ್ಮ ಹಾಳೆಯದೇ ಮುಂದುವರಿಕೆ ಎಂದುಕೊಂಡು ಗಟ್ಟಿಯಾಗಿ ಓದಿದಾಗ. ಭರತನ ಪಟ್ಟಿಯಲ್ಲಿಲ್ಲದ ಏಳನೆಯದೊಂದಿದೆ. ಅದನ್ನು ಋಣಹಸಿತ ಎನ್ನೋಣ. ಮುಂದಿನ ಸಲ ತಮ್ಮನ್ನೂ ಕರೆದಾರೆಂದು ಸಭೆಯಲ್ಲಿರುವ ಹಾಸ್ಯಲೇಖಕರು ಸಂಘಟಕರಿಗೆ ಕಾಣುವಂತೆ ನಗುವ ನಗು ಅದು.

ಕೊನೆಗೆ ಅಧ್ಯಕ್ಷರು, ಅಲ್ಲಿಯವರೆಗೆ ಚೆನ್ನಾಗಿ ನಿದ್ದೆ ಮಾಡಿದ್ದರಿಂದ, ಅದೇ ಜೋಕನ್ನು ತಮ್ಮ ಷಡ್ಡಕರಿಗೆ ಆದ ಅನುಭವವೆಂದು ಹೇಳಿದರು. ಯಾರೂ ನಗಲಿಲ್ಲ, ಋಣಹಸಿತದವರೂ ಸಹ. ಕ್ಲಿಷ್ಟಪಾಠವೇ ಮೂಲಕ್ಕೆ ಹತ್ತಿರವೆಂಬುದು ಗ್ರಂಥಸಂಪಾದನೆಯ ಸೂತ್ರ. ಯಾರಿಗೂ ನಗು ಬರಿಸದ ಪಾಠಕ್ಕಿಂತ ಕ್ಲಿಷ್ಟವಾದದ್ದು ಇನ್ನಾವುದು? ಅನುಮಾನ ಉಳಿದಿದ್ದರೆ ವಂದನಾರ್ಪಣೆಯವರು ಅದನ್ನೂ ಪರಿಹರಿಸಿದರು. ‘ಮಾನ್ಯ ಅಧ್ಯಕ್ಷರ ಆ ಸ್ವರಚಿತ ಜೋಕಂತೂ...’ ಎಂದು ಅವರು ಕೈಮುಗಿದಾಗ ಅಧ್ಯಕ್ಷರು ಅಲ್ಲಗಳೆಯಲಿಲ್ಲ, ಶಾಲು ಸರಿಮಾಡಿಕೊಂಡರು. ಹೀಗಾಗಿ ಷಡ್ಡಕರು ತಕರಾರು ತೆಗೆಯುವವರೆಗೆ ಕರ್ತೃತ್ವ ಅಧ್ಯಕ್ಷರದು.