ಗಂಡನ ಸುದ್ದಿ ಸಾಕು, ಗಳಿಕಿ ಸುದ್ದಿ ಹೇಳ

ನಮ್ಮ ಬಸವನ ಬಾಗೇವಾಡಿಯ ಹಿತ್ತಲ ಗೋಡೆ ದನ ಒಳಗೆ ಬಾರದಂತೆ ತಡೀತದೆ, ಸುದ್ದಿಯನ್ನು ಮಾತ್ರ ತಡೆಯಂಗಿಲ್ಲ. ಗೋಡೆಯಾಚೆಯ ಯಕ್ಕನ ತವರು ಇಂಡಿ, ಮಗಳನ್ನು ಕೊಟ್ಟದ್ದು ಸಿಂದಗಿಗೆ, ಸೊಸೆ ತಂದದ್ದು ಮುದ್ದೇಬಿಹಾಳದಿಂದ. ನಾಲ್ಕು ತಾಲೂಕಿನ ಸಮಾಚಾರ ಪೇಪರಿಗಿಂತ ಮೊದಲೇ ಅಕಿಯ ಮರದಾಗ ಜೋಳದ ಜೊತೆ ಹಸನಾಗಿ ಬಿದ್ದಿರ್ತದೆ.

ಯಕ್ಕನ ಒಂದು ಪದ್ಧತಿ ನನಗೆ ಮೊದಲಿಂದ ಸರಿಬರುವುದಿಲ್ಲ. ಟಿವಿಯೊಳಗೆ ಯಾವ ಗಂಡಸು ಕಂಡರೂ "ಏನ್ ಗಳಸ್ತಾನಬೇ ಅಂವ?" ಅಂತಾಳೆ. ಹೆಂಗಸು ಕಂಡರೆ "ಅಕಿ ಗಂಡ ಯಾರು?" ಗಂಡ ಇಲ್ಲ ಅಂದ್ರೆ ಯಾಕಿಲ್ಲ, ಇದ್ದಾನ ಅಂದ್ರೆ ಹೆಂಗ ನಡಸ್ಕೊಂತಾನ. ನನಗೂ ಈ ಸುದ್ದಿ ಬೇಕು, ಸುಳ್ಳು ಯಾಕೆ ಹೇಳಲಿ? ಆದರೆ ರೊಕ್ಕದ ಸುದ್ದಿ ಅದಕ್ಕಿಂತ ರುಚಿ ಇರ್ತದೆ ಅನ್ನೋದು ನನ್ನ ವಾದ.

ಹೋದ ವಾರ ಮಾತು ಅಮೀರ್‌ಬಾಯಿ ಕರ್ನಾಟಕಿ ಕಡೆ ಹೊರಳಿತು. ಬೀಳಗಿಯ ಹುಡುಗಿ, ಆಗ ಬೀಳಗಿ ನಮ್ಮ ಜಿಲ್ಲೆಯಲ್ಲೇ ಇತ್ತು, ಬಾಗಲಕೋಟೆ ಬೇರೆಯಾದದ್ದು 1997ರಲ್ಲಿ. ಮುಂಬೈಗೆ ಹೋಗಿ ಹಿಂದಿ ಸಿನೆಮಾದಲ್ಲಿ ಹಾಡಿದಳು. 1943ರ 'ಕಿಸ್ಮತ್' ಕಲಕತ್ತೆಯ ಒಂದೇ ಟಾಕೀಜಿನಲ್ಲಿ ಮೂರು ವರ್ಷಕ್ಕೂ ಮೇಲೆ ಓಡಿತಲ್ಲ, ಅದರೊಳಗೆ ಅನಿಲ್ ಬಿಸ್ವಾಸರ ಸಂಗೀತಕ್ಕೆ ಈಕೆಯ ದನಿ ಇತ್ತು.

"ಅಕಿ ಗಂಡ?" ಅಂದಳು ಯಕ್ಕ, ಜೋಳದಾಗಿನ ಹಳ್ಳು ಆರಿಸುತ್ತಾ.

ಹೇಳಿದೆ. ಹಿಮಾಲಯವಾಲಾ ಅಂತ ಖಳನಟ. ಬಾಳ್ವೆ ಹಿಂಸೆಯದು. ಸೋಡಚೀಟಿ ಆಯಿತು, ದೇಶ ಒಡೆದ ಮೇಲೆ ಅಂವ ಪಾಕಿಸ್ತಾನಕ್ಕೆ ಹೋದ. ಈಕೆ ಮುಂದೆ ಬದ್ರಿ ಕಾಂಚವಾಲಾ ಅನ್ನುವ ಪತ್ರಕರ್ತರನ್ನು ಲಗ್ನವಾದಳು. ಯಕ್ಕ ಎರಡು ಸಲ ಲೊಚಗುಟ್ಟಿ, "ಪಾಪ, ಹಣೇಬರಹ" ಅಂತ ಷರಾ ಬರೆದು ಕಡತ ಮುಚ್ಚಿದಳು.

"ಯಕ್ಕಾ, ವಿಜಾಪುರದಾಗ ಅಮೀರ್ ಟಾಕೀಜ್ ನೋಡೀಯಲ್ಲ?"

"ನೋಡಲಾರದೆ ಏನು? ಸಣ್ಣಾಕಿದ್ದಾಗ ನಮ್ಮ ಕಾಕಾನ ಜೋಡಿ ಹೋಗಿದ್ದೆ. ಯಾರೋ ಅಮೀರ್ ಅನ್ನೋ ಸಾವ್ಕಾರಂದು ಇರಬೇಕು ಅನ್ಕೊಂಡಿದ್ದೆ."

"ಆ ಸಾವ್ಕಾರ ಇಕೀನ."

ಯಕ್ಕನ ಕೈ ಮರದ ಮೇಲೇ ನಿಂತಿತು. ಹಾಡಿ ಗಳಿಸಿದ ರೊಕ್ಕ, ಹೆಂಗಸಿನ ಹೆಸರಿನಲ್ಲಿ ಟಾಕೀಜು, ಅದೂ ಆ ಕಾಲಕ್ಕೆ. 1965ರ ಮಾರ್ಚಿನಲ್ಲಿ ತೀರಿಕೊಂಡಾಗ ಮಣ್ಣು ಮಾಡಿದ್ದೂ ವಿಜಾಪುರದಲ್ಲೇ. ರಹಮತ್ ತರೀಕೆರೆಯವರು ಅಮೀರ್‌ಬಾಯಿಯ ಮೇಲೆ ಕನ್ನಡದಲ್ಲಿ ಒಂದಿಡೀ ಪುಸ್ತಕ ಬರೆದಿದ್ದಾರೆ. ಇಷ್ಟೆಲ್ಲ ಬಿಟ್ಟು ಹಿಮಾಲಯವಾಲಾನ ಒಬ್ಬನನ್ನೇ ಹಿಡಿದು ಕೂತರೆ ನಷ್ಟ ನಮ್ಮದೇ.

ಅಮೀರ್‌ಬಾಯಿಯ ಅಕ್ಕ ಗೋಹರ್ ಬಾಯಿಯದು ಇನ್ನೂ ಬಿಗಿ ಕಥೆ. ಮರಾಠಿ ರಂಗಭೂಮಿಯ ಬಾಲಗಂಧರ್ವರು ಹೆಣ್ಣು ಪಾತ್ರಕ್ಕೇ ಹೆಸರಾದವರು. 1930ರ ದಶಕದ ಕೊನೆಗೆ ಗೋಹರ್ ಅವರ ಕಂಪನಿ ಸೇರಿ, ಹೆಣ್ಣಿನ ಪಾತ್ರವನ್ನು ಹೆಣ್ಣೇ ಕಟ್ಟಿಕೊಂಡು ನಿಂತಳು. ಮುಂದೆ ಅವರ ಮಡದಿಯೂ ಆದಳು. ಆಗಿನಿಂದ ಪುಣೆ, ಮುಂಬೈ ಕಡೆ ಒಂದೇ ಮಾತು: ದೇವರಂಥ ಮನುಷ್ಯನನ್ನು ಇವಳು ಹಾಳು ಮಾಡಿದಳು. ಲೆಕ್ಕದ ಪುಸ್ತಕ ತೆಗೆದು ನೋಡಿ ಸ್ವಾಮಿ. ಗೋಹರ್ ಕಾಲಿಡುವುದಕ್ಕೆ ಎಷ್ಟೋ ವರ್ಷ ಮೊದಲೇ ಗಂಧರ್ವ ನಾಟಕ ಮಂಡಳಿ ಸಾಲದಾಗ ಕುತ್ತಿಗೆಮಟ ಇತ್ತು. ಜರತಾರಿ ಸೀರೆ, ಅತ್ತರು, ರಂಗದ ಮೇಲಿನ ಗಾಲೀಚೆ ಇವುಗಳ ಖರ್ಚಿಗೆ ಬೀಳಗಿಯ ಹೆಣ್ಣುಮಗಳು ಹೊಣೆಯೇ? 1964ರಲ್ಲಿ ಗೋಹರ್ ಹೋದಳು, 1967ರಲ್ಲಿ ಅವರು ಹೋದರು. ಅಪವಾದ ಮಾತ್ರ ಉಳೀತು. ಇದನ್ನು ಹೇಳುವಾಗ ನನ್ನ ದನಿ ತುಸು ಏರಿತ್ತು ಅಂತ ಕಾಣಿಸ್ತದೆ, ಆಚೆ ಮನೆ ಕಾಕು ಬಾಗಿಲಿಗೆ ಬಂದು ನಿಂತರು.

ಯಕ್ಕ ಸುಮ್ಮನಿರುವ ಪೈಕಿ ಅಲ್ಲ. "ನಮ್ಮ ಬೀಗರ ಕಡೆ ವಿಮಲಾಬಾಯಿ ದೇಶಮುಖರು ಇದ್ರಲ್ಲ, 1994ರಾಗ ಆರಿಸಿ ಬಂದು ಮಂತ್ರಿ ಆದ್ರು. ಅವರು ಜಗದೇವರಾವ್ ದೇಶಮುಖರ ಹೇಂತಿ. ಗಂಡನ ಹೆಸರು ಇಲ್ದ ಓಟು ಬೀಳ್ತಿತ್ತೇನ?" ಈ ಮಾತಿಗೆ ನನ್ನ ಹತ್ತಿರ ಜವಾಬು ಇರಲಿಲ್ಲ. ರಾಜಕಾರಣದಾಗ ಮನೆತನದ ಹೆಸರು ಗಂಡುಮಕ್ಕಳಿಗೂ ಬೇಕು, ಅವರನ್ನು ಮಾತ್ರ ಯಾರೂ ಕೇಳುವುದಿಲ್ಲ ಅಂದೆ. ಯಕ್ಕ ಒಪ್ಪಿದಳೋ ಬಿಟ್ಟಳೋ, ತಂಗಡಗಿಯ ನೀಲಮ್ಮನ ಕಡೆ ಹಾರಿದಳು. ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ ಕೃಷ್ಣೆಯ ದಂಡೆಗೆ ಬಸವಣ್ಣನವರ ಮಡದಿ ನೀಲಾಂಬಿಕೆಯ ಐಕ್ಯಸ್ಥಳ ಇದೆ. ಎಂಟುನೂರು ವರ್ಷ ಕಳೆದರೂ ನಮ್ಮ ಕಡೆ ಗೋಡೆ ಮೇಲಿನ ಪ್ರಶ್ನೆ ಒಂದೇ: ಗಂಗಮ್ಮ, ನೀಲಮ್ಮ ಸವತಿಯರು, ಹೆಂಗ ಹೊಂದ್ಕೊಂಡಿದ್ರು? ನೀಲಮ್ಮ ವಚನ ಬರೆದದ್ದು, ಸಂಗಮಕ್ಕೆ ಕರೆ ಬಂದಾಗ ಅಲ್ಲಿದ್ದ ಸಂಗಯ್ಯ ಇಲ್ಲಿಲ್ಲವೇ ಅಂತ ಹೊಳೆಯ ಈಚೆಗೇ ಐಕ್ಯಳಾದಳು ಅನ್ನುವ ಕಥೆ, ಇವೆಲ್ಲ ಜಾತ್ರೆಯ ದಿನ ಭಾಷಣದಾಗ ಮಾತ್ರ.

"ಹಂಗಾದ್ರ ಈಗಿನವರದ ಹೇಳ. ರಾಜೇಶ್ವರಿ ಗಾಯಕವಾಡ?"

ವಿಜಾಪುರದ ಹುಡುಗಿ, ಎಡಗೈ ಸ್ಪಿನ್ನು. 2014ರಲ್ಲಿ ಭಾರತ ತಂಡಕ್ಕೆ ಹೋದಳು, ಅದೇ ವರ್ಷ ತಂದೆ ತೀರಿಕೊಂಡರು, ಮನೆ ಭಾರ ಹೆಗಲಿಗೆ ಬಿತ್ತು. 2017ರ ವಿಶ್ವಕಪ್ಪಿನಲ್ಲಿ ಡರ್ಬಿಯಲ್ಲಿ ನ್ಯೂಜಿಲೆಂಡಿನ ಐದು ವಿಕೆಟ್ಟನ್ನು 15 ರನ್ನಿಗೆ ಕಿತ್ತಳು. ಊರಿಗೆ ಬಂದಾಗ ಮಂತ್ರಿ ಎಂ.ಬಿ. ಪಾಟೀಲರು ಕಾರು ಕೊಡ್ತೀನಿ ಅಂದರೆ, ಕಾರು ಬ್ಯಾಡ್ರಿ, ನಮ್ಮವ್ವನ ಮಂದಿಗೆ ಇರಾಕ ಮನಿ ಬೇಕು ಅನ್ನುವ ಅರ್ಥದಾಗ ಹೇಳಿ ಬಂದಳು.

"ಶಾಣ್ಯಾಕಿ," ಅಂದಳು ಯಕ್ಕ. ಗಂಡ ಯಾರು ಅಂತ ಕೇಳಲಿಲ್ಲ. "ಪಗಾರ ಎಷ್ಟಬೇ ಅಕೀಗೆ?"

ನನಗೆ ಹಬ್ಬ ಆದಂಗಾಯಿತು. 2023ರ ಕ್ರಿಕೆಟ್ ಮಂಡಳಿಯ ಪಟ್ಟಿಯಲ್ಲಿ ಬಿ ದರ್ಜೆ, ವರ್ಷಕ್ಕೆ 30 ಲಕ್ಷ. ಆಡಿದ ಆಟಕ್ಕೆ ಬೇರೆ. 2022ರಿಂದ ಆಟದ ಶುಲ್ಕ ಗಂಡಸರಿಗೂ ಹೆಂಗಸರಿಗೂ ಸಮ, ಒಂದು ಒನ್‌ಡೇಗೆ 6 ಲಕ್ಷ.

"ಅಬ್ಬಬ್ಬಾ! ಮತ್ತ ಗಂಡಸರಿಗೆ ವರ್ಷದ್ದು?"

"ಆ ವರ್ಷ ಎಲ್ಲಕ್ಕಿಂತ ಮೇಲಿನವರಿಗೆ 7 ಕೋಟಿ ಇತ್ತು."

ಯಕ್ಕ ಮರ ಕೆಳಗಿಟ್ಟಳು. "ಯಾಕ, ಅವರ ಚಂಡೇನು ದೊಡ್ಡದ?"

ಖರೇ ಅಂದ್ರೆ ತುಸು ದೊಡ್ಡದೇ. ಹೆಂಗಸರ ಕ್ರಿಕೆಟ್ಟಿನ ಚಂಡು ಒಂದು ಕೂದಲೆಳೆ ಸಣ್ಣದು. ಅದನ್ನು ಆಗ ಹೇಳಿದ್ದರೆ ಗೋಡೆಯಾಚೆಯಿಂದ ಜೋಳದ ಮರವೇ ನನ್ನ ಕಡೆ ಬರ್ತಿತ್ತು.