ಪಡ್ಡಿನ ಹಂಚಿನಲ್ಲಿ ಯಾಶಿಕಾ

ನಮ್ಮ ಮನೆಯಲ್ಲಿ ಪಡ್ಡು ಮಾಡಬೇಕೆಂದರೆ ನನ್ನ ಅನುಮತಿ ಬೇಕು. ನನ್ನ ಮಾತಿಗೆ ಅಷ್ಟು ಬೆಲೆ ಬಂದಿದೆಯೆಂದಲ್ಲ; ಹಂಚಿನ ತುಂಬ ಯಾಶಿಕಾ ಮ್ಯಾಟ್ 124 ಜಿ ಕ್ಯಾಮೆರಾದ ಸ್ಕ್ರೂಗಳಿರುತ್ತವೆ. ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಗೆ ಹಾಕುತ್ತ ಹೋದರೆ, ಜೋಡಿಸುವಾಗ ಕೊನೆಯ ಗುಳಿಯಿಂದ ಹಿಂದಕ್ಕೆ ಬಂದರಾಯಿತು. ಮೊದಲು ಇಡ್ಲಿ ತಟ್ಟೆ ಇಟ್ಟುಕೊಂಡಿದ್ದೆ. ಅದರ ತಳದಲ್ಲಿ ಹಬೆಗೆಂದು ತೂತುಗಳಿರುತ್ತವೆ ಎಂಬುದು, ಹುಟ್ಟಿದಾಗಿನಿಂದ ಇಡ್ಲಿ ತಿಂದವನಿಗೆ ಶಟರಿನ ಸ್ಕ್ರೂ ಉದುರಿದ ಮೇಲೇ ಹೊಳೆದದ್ದು.

ಒಂದು ಕಾಲದಲ್ಲಿ ಸ್ಟುಡಿಯೊದವರು ಮದುವೆಮನೆಗೆ ತರುತ್ತಿದ್ದ, ಹೊಟ್ಟೆಯ ಹತ್ತಿರ ಹಿಡಿದು ತಲೆ ಬಗ್ಗಿಸಿ ನೋಡುವ ಎರಡು ಲೆನ್ಸಿನ ಡಬ್ಬ ಇದು. 120 ರೋಲು ಹಾಕಿದರೆ 12 ಚೌಕ ಚಿತ್ರ. ಹಳೆಯ ಎಣ್ಣೆ ಜಿಗುಟಾಗಿ, 1 ಸೆಕೆಂಡಿಗೆ ಇಟ್ಟರೆ ಶಟರು ತೆರೆದ ಬಾಯಿ ಮುಚ್ಚುತ್ತಿರಲಿಲ್ಲ. ರಿಪೇರಿಯ ದರ ಕೇಳಿ ನನ್ನ ಬಾಯೂ ಮುಚ್ಚಲಿಲ್ಲ.

ತಕ್ಕ ಹತ್ಯಾರುಗಳು ದುಡ್ಡು ಕೊಟ್ಟರೆ ಸಿಗುತ್ತವೆ, ನಿಜ. ಕೊಂಡು ತಂದರೆ ನನ್ನ ಪ್ರತಿಭೆಗೇನು ಕೆಲಸ? ಲೆನ್ಸಿನ ಉಂಗುರಕ್ಕೆ ಎದುರುಬದುರು ಎರಡು ಸಣ್ಣ ಕಚ್ಚುಗಳಿರುತ್ತವೆ. ಮಗಳ ಕಂಪಾಸ್ ಬಾಕ್ಸಿನ ಡಿವೈಡರನ್ನು ಒಗೆಯುವ ಕಲ್ಲಿಗೆ ಉಜ್ಜಿ ತುದಿ ಚಪ್ಪಟೆ ಮಾಡಿದರೆ, ಆ ಕಚ್ಚುಗಳಲ್ಲಿ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಅಂದಿನಿಂದ ಮಗಳು ಅಳೆದ 5 ಸೆಂ.ಮೀ. ಅವಳ ಟೀಚರ್ ಅಳೆದರೆ 5 ಇರುವುದಿಲ್ಲ. ಜಪಾನಿ ಸ್ಕ್ರೂಗಳ ತಲೆಯ ಪ್ಲಸ್ ಗುರುತು ನೋಡಲು ನಮ್ಮದರಂತೆಯೇ ಇದ್ದರೂ ನಮ್ಮ ಸ್ಕ್ರೂಡ್ರೈವರ್ ಅದರ ಆಳಕ್ಕಿಳಿಯದು. ಬಲ ಹಾಕಿದರೆ ಗೀರೇ ಸವೆದುಹೋಗುತ್ತದೆ. ನಡುವೆ ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡ್ ಇಟ್ಟು ಒತ್ತಿ ತಿರುಗಿಸಬೇಕು. (ಕೊತ್ತಂಬರಿ ಫ್ರಿಜ್ಜಿನ ತುಂಬ ಚೆಲ್ಲಾಡಿರುವುದು ಬೇರೆ ವಿಷಯ.)

ಶಟರಿನ ಜಿಗುಟು, ಲೈಟರಿನ ಪೆಟ್ರೋಲಲ್ಲಿ ಅದ್ದಿದ ಇಯರ್‌ಬಡ್ಡಿಗೆ ಬಗ್ಗಿತು. ಬೆಳಕು ನುಸುಳದಂತೆ ಹಿಂಬಾಗಿಲಿನ ಅಂಚಿಗೆ ಅಂಟಿಸಿದ್ದ ಸ್ಪಂಜು ಮಾತ್ರ ಕರಗಿ ಡಾಂಬರಾಗಿತ್ತು. ಹಲ್ಲುಕಡ್ಡಿ, ಸ್ಪಿರಿಟ್ ಹಿಡಿದು ಕೆರೆದು ತೆಗೆದೆ. ಅಲ್ಲಿಗೆ ಕಪ್ಪು ಉಲ್ಲನ್ ಬೇಕು. ಅತ್ತೆಯವರು ಹೆಣೆಯುತ್ತಿದ್ದ ಟೋಪಿಯಿಂದ ಒಂದು ಮೊಳ ಸಿಕ್ಕಿತು. ಸಿಕ್ಕಿತು ಎನ್ನುವುದು ನನ್ನ ಮಾತು; ಅತ್ತೆಯವರು ಬೇರೆ ಪದ ಬಳಸುತ್ತಾರೆ. ಸ್ಕ್ರೂ ಸಡಿಲವಾಗದಿರಲೆಂದು ಒಂದೊಂದು ತೊಟ್ಟು ನೇಲ್ ಪಾಲಿಶ್. ಅದು ಯಾರದೆಂದು ಬೇರೆ ಹೇಳಬೇಕಿಲ್ಲ.

ಕೊನೆಗೆ ಫೋಕಸ್ ಪರೀಕ್ಷೆ. ಫಿಲ್ಮ್ ಕೂರುವ ಜಾಗಕ್ಕೆ ಬಟರ್ ಪೇಪರ್ ಅಂಟಿಸಿ, ಶಟರನ್ನು 'ಬಿ'ಗೆ ಇಟ್ಟು ತೆರೆದು, ಟವೆಲ್ ಮುಸುಕು ಹಾಕಿಕೊಂಡು ಬಾಲ್ಕನಿಯಲ್ಲಿ ನಿಂತೆ. ಆಚೆ ಬೀದಿಯ ಮನೆಯ ನೀರಿನ ಟ್ಯಾಂಕ್ ಪೇಪರಿನ ಮೇಲೆ ತಲೆಕೆಳಗಾಗಿ ಬಿತ್ತು.

"ಬಾರೇ ಇಲ್ಲಿ, ನೋಡು!"

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಮುಸುಕಿನೊಳಗೆ ತಲೆ ತೂರಿಸಿದಳು.

"ಅಯ್ಯೋ, ನೀರು ಮೇಲಕ್ಕೆ ಸುರೀತಾ ಇದೆಯಲ್ರೀ! ಮೊದಲು ಅವರಿಗೆ ಫೋನ್ ಮಾಡಿ, ಮೋಟಾರ್ ಆಫ್ ಮಾಡ್ಲಿ."

ಫೋಕಸ್ ಅಷ್ಟು ಸ್ಪಷ್ಟವಾಗಿತ್ತು.